ಗೊಂಬೆ ಫೋಟೋಗೆ ಪುಟ್ಟ ಹೂವು, ಪುಟ್ಟ ತೋಟ: ಮೈಸೂರು ಮಂಡ್ಯ ಕಡೆಯವರು ಹೇಗೆ ಮಾಡುತ್ತಿದ್ದೀರಿ?

ಪುಟ್ಟತೋಟ (ಕುವೆಂಪುನಗರ, ಮೈಸೂರು)

ಬಾರ್ಬಿ ಅಳತೆಯ ಫ್ಯಾಷನ್ ಗೊಂಬೆಗಳ ಫೋಟೋ ತೆಗೆಯುವವರು ನಮ್ಮಲ್ಲಿ ಸುಮಾರು ಜನ ಇದ್ದೇವೆ. ಸೀರೆ, ಬ್ಲೌಸು, ಜಡೆ, ಒಡವೆ ಎಲ್ಲದರ ಬಗ್ಗೆಯೂ ಮಾತಾಡಿ ಆಗಿದೆ. ತೋಟದ ಬಗ್ಗೆ ಮಾತ್ರ ಯಾರೂ ಕೂತು ಬರೆದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ನನ್ನ ಮಾತು ಒಂದೇ. ಹೂವು ಮಾಡಲು ಕೂರುವ ಮೊದಲು ನಿಜವಾದ ಹೂವನ್ನು ಅಳೆಯಿರಿ. ಕೈಕೆಲಸ ಎಷ್ಟೇ ಚೆನ್ನಾಗಿರಲಿ, ಅಳತೆ ತಪ್ಪಿದರೆ ಫೋಟೋದಲ್ಲಿ ತಕ್ಷಣ ಗೊತ್ತಾಗುತ್ತದೆ. ಬಾರ್ಬಿ 1959ರಲ್ಲಿ ಬಂದಳು, ಎತ್ತರ ಸುಮಾರು ಹನ್ನೊಂದೂವರೆ ಇಂಚು, ಅಂದರೆ 29 ಸೆಂಟಿಮೀಟರ್. ಇದನ್ನು ಆರರಲ್ಲಿ ಒಂದು ಅಳತೆ ಅಂತ ಹಿಡಿಯುತ್ತಾರೆ. ಅಂದರೆ ನಮ್ಮ 6 ಇಂಚು ಅಂದರೆ, ಗೊಂಬೆಗೆ ಅದು 1 ಇಂಚು. ನಮ್ಮ 1 ಅಡಿ, ಗೊಂಬೆಗೆ 2 ಇಂಚು. ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ 1 ಇಂಚಿನ ಪ್ಲಾಸ್ಟಿಕ್ ಗುಲಾಬಿ ನಮ್ಮ ಕಣ್ಣಿಗೆ ಚಿಕ್ಕದು. ಅದನ್ನೇ ಗೊಂಬೆ ಕೈಗೆ ಕೊಟ್ಟರೆ 6 ಇಂಚಿನ ಗುಲಾಬಿ ಆಯಿತು, ಅವಳ ಮುಖವೇ ಮುಚ್ಚಿಹೋಗುತ್ತದೆ.

ದೇವರಾಜ ಮಾರ್ಕೆಟ್‌ಗೆ ಹೋದಾಗ ಬ್ಯಾಗಿನಲ್ಲಿ ಒಂದು ಸ್ಕೇಲ್ ಇಟ್ಟುಕೊಳ್ಳಿ. ನಾನು ಹೂವು ಕೊಳ್ಳುವಾಗ ಅಲ್ಲೇ ಅಳೆದು ಫೋನಿನಲ್ಲಿ ಬರೆದುಕೊಳ್ಳುತ್ತೇನೆ. ಕೆಂಪು ದಾಸವಾಳ 10ರಿಂದ 12 ಸೆಂಟಿಮೀಟರ್ ಅಗಲ, ಗೊಂಬೆಗೆ 2 ಸೆಂಟಿಮೀಟರ್‌ಗಿಂತ ಚೂರು ಕಡಿಮೆ. ಚೆಂಡು ಹೂವು 6 ಸೆಂಟಿಮೀಟರ್ ಇದ್ದರೆ ಗೊಂಬೆಗೆ 1. ಮಲ್ಲಿಗೆ ಮೊಗ್ಗು 2 ಸೆಂಟಿಮೀಟರ್ ಉದ್ದ ಇದ್ದರೆ ಗೊಂಬೆಗೆ 3 ಮಿಲಿಮೀಟರ್ ಚಿಲ್ಲರೆ, ಅಷ್ಟೇ. 12 ಇಂಚಿನ ಮಣ್ಣಿನ ಕುಂಡ 2 ಇಂಚು. ಈ ಲೆಕ್ಕ ಗೋಡೆಗೆ ಅಂಟಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ಆಸೆ ಇದೆ. ವಿಡಿಯೋಗಳಲ್ಲಿ ಬರುವುದೆಲ್ಲ ಬಿಳಿ ಬೇಲಿ, ಟುಲಿಪ್, ಲ್ಯಾವೆಂಡರ್. ಅವೂ ಚೆನ್ನಾಗಿವೆ. ಆದರೆ ಮೈಸೂರು ಸಿಲ್ಕ್ ಸೀರೆ ಉಟ್ಟ ಗೊಂಬೆ ನಿಂತುಕೊಳ್ಳಲು ದಾಸವಾಳದ ಗಿಡ ಬೇಕು, ಕನಕಾಂಬರದ ಪಾತಿ ಬೇಕು, ಹಿತ್ತಲಲ್ಲಿ ಒಂದು ತುಳಸಿ ಕಟ್ಟೆ ಬೇಕು. ಇವನ್ನು ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನಾನು ದಾಸವಾಳದಿಂದ ಶುರು ಮಾಡುತ್ತೇನೆ.

ಹೂವು ಮಾಡುವ ಮಣ್ಣು ಮನೆಯಲ್ಲೇ ಕಲಸುವುದು, ಕೋಲ್ಡ್ ಪೋರ್ಸಲೀನ್ ಅಂತಾರಲ್ಲ ಅದು. ಒಂದು ಲೋಟ ಕಾರ್ನ್‌ಫ್ಲೋರ್, ಒಂದು ಲೋಟ ಫೆವಿಕಾಲ್, ಒಂದೆರಡು ಚಮಚ ಬೇಬಿ ಆಯಿಲ್, ಬೂಸ್ಟು ಹಿಡಿಯದಿರಲು ಒಂದು ಚಮಚ ನಿಂಬೆರಸ ಅಥವಾ ವಿನೆಗರ್. ಅಡುಗೆಗೆ ಬಳಸದ ಹಳೇ ನಾನ್‌ಸ್ಟಿಕ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ತಳ ಬಿಟ್ಟು ಮುದ್ದೆ ಆದ ತಕ್ಷಣ ಇಳಿಸಿ, ಬಿಸಿ ಇರುವಾಗಲೇ ಕೈಗೆ ಎಣ್ಣೆ ಸವರಿಕೊಂಡು ನಾದಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ರಾತ್ರಿಯಿಡೀ ಬಿಡಿ. ಒಣಗಿದಾಗ ಇದು ಸ್ವಲ್ಪ ಕುಗ್ಗುತ್ತದೆ, ಆಚೆಯದು ಈಚೆ ಕಾಣುವಷ್ಟು ತಿಳಿಯೂ ಆಗುತ್ತದೆ. ಆದ್ದರಿಂದ ಬಣ್ಣ ಕಲಸುವ ಮೊದಲು ಚೂರು ಬಿಳಿ ಅಕ್ರಿಲಿಕ್ ಸೇರಿಸಿ, ಹೂವನ್ನೂ ಅಳತೆಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ಮಾಡಿ.

ಹೆಸರುಕಾಳಿನಷ್ಟು ಕೆಂಪು ಉಂಡೆ ಐದು. ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ, ಅಂಚನ್ನು ಮಾತ್ರ ಗುಂಡುಪಿನ್ನಿನ ತಲೆಯಿಂದ ತೆಳ್ಳಗೆ ಮಾಡಿ. ಸೂಜಿಯಿಂದ ಬುಡದಿಂದ ಅಂಚಿನ ಕಡೆಗೆ ನರ ಎಳೆಯಿರಿ. ಅಂಚು ಅಲ್ಲಲ್ಲಿ ಚಿವುಟಿದರೆ ಸುಕ್ಕು ಬರುತ್ತದೆ. ನಡುವಿನ ದಂಡಕ್ಕೆ 28 ಗೇಜಿನ ತಂತಿಗೆ ಕೆಂಪು ದಾರ ಒತ್ತಾಗಿ ಸುತ್ತಿ, ಮೇಲಿನ ಅರ್ಧಕ್ಕೆ ಮಾತ್ರ ಅಂಟು ಸವರಿ ಹಳದಿ ಬಣ್ಣ ಹಾಕಿದ ಚಿರೋಟಿ ರವೆಯಲ್ಲಿ ಹೊರಳಿಸಿ. ಎಸಳುಗಳನ್ನು ದಂಡದ ಸುತ್ತ ಅಂಟಿಸುವಾಗ ಪ್ರತಿಯೊಂದರ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಪಕ್ಕದ್ದರ ಕೆಳಗೆ ಬರಬೇಕು, ಎಲ್ಲವೂ ಒಂದೇ ದಿಕ್ಕಿಗೆ. ನಿಜವಾದ ದಾಸವಾಳ ಹಿಡಿದು ನೋಡಿ, ಹಾಗೇ ಇರುತ್ತದೆ. ಕೊನೆಗೆ ಬುಡದ ಹತ್ತಿರ ಗಾಢ ಕೆಂಪು ಪ್ಯಾಸ್ಟೆಲ್ ಪುಡಿ ಒಣ ಬ್ರಷ್‌ನಲ್ಲಿ ಹಚ್ಚಿ.

ಹೊಸಬಳು_ಸರಸ್ವತಿಪುರಂ

ಅಕ್ಕ, ಬಹಳ ಉಪಯೋಗ ಆಯಿತು. ಮೂರು ಪ್ರಶ್ನೆ ಕೇಳಲಾ? ಕಾರ್ನ್‌ಫ್ಲೋರ್ ಬದಲು ಮನೆಯಲ್ಲಿರುವ ಮೆಕ್ಕೆಜೋಳದ ಹಿಟ್ಟು ಆಗುತ್ತಾ? 28 ಗೇಜ್ ಅಂದರೆ ದಪ್ಪನೋ ತೆಳುನೋ? ಗಿಡಕ್ಕೆ ಎಲೆ ಎಲ್ಲಿಂದ ತರುವುದು? ಒಂದು ದಾಸವಾಳದ ಗಿಡಕ್ಕೆ ಎಷ್ಟೊಂದು ಎಲೆ ಬೇಕು, ಎಲ್ಲ ಕೈಯಲ್ಲಿ ಮಾಡುತ್ತಾ ಕೂತರೆ ಯಾವಾಗ ಮುಗಿಯೋದು!

ಪುಟ್ಟತೋಟ (ಕುವೆಂಪುನಗರ, ಮೈಸೂರು)

ಮೆಕ್ಕೆಜೋಳದ ಹಳದಿ ಹಿಟ್ಟು ಬೇಡಮ್ಮ. ಸೂಪ್ ಗಟ್ಟಿ ಮಾಡಲು ಹಾಕುವ ಬಿಳಿ ಕಾರ್ನ್‌ಫ್ಲೋರ್ ಬರೀ ಗಂಜಿ ಅಂಶ, ಅದೇ ಬೇಕು. ಇನ್ನೊಂದು ತರಿತರಿಯಾಗಿ ಬಿರುಕು ಬಿಡುತ್ತದೆ. ತಂತಿಯಲ್ಲಿ ನಂಬರ್ ಹೆಚ್ಚಾದಷ್ಟೂ ತೆಳು. ದಾಸವಾಳದ ಕೊಂಬೆಗೆ 24, ತೊಟ್ಟಿಗೆ 28, ಕನಕಾಂಬರಕ್ಕೆ 30 ಸಾಕು. ಬೊಕೆ ಮಾಡುವವರ ಹಸಿರು ಟೇಪ್ ತಂದರೆ ಉದ್ದಕ್ಕೆ ಅರ್ಧ ಸೀಳಿ, ಎಳೆದು ಎಳೆದು ಸುತ್ತಿ. ಎಳೆದರೇ ಅದರ ಅಂಟು ಹಿಡಿಯುವುದು. ಎಲೆ ವಿಷಯ ಬೇರೆಯವರು ಹೇಳಲಿ, ಜಗಳಕ್ಕೆ ಜನ ಕಾಯುತ್ತಿದ್ದಾರೆ.

ಕತ್ತರಿಕಾಗದ (ಶ್ರೀರಂಗಪಟ್ಟಣ)

ಜಗಳ ಏನಿಲ್ಲ, ಆದರೆ ನಾನು ಕಾಗದದ ಪರ. ಮಣ್ಣಿನ ಎಸಳು ಎಷ್ಟೇ ಒತ್ತಿದರೂ ದಪ್ಪ ಉಳಿಯುತ್ತದೆ. ಮೇಡಂ ಅಳತೆಯ ಮಾತು ಹೇಳಿದರಲ್ಲ, ಅದನ್ನು ದಪ್ಪಕ್ಕೂ ಹಾಕಿ ನೋಡಿ. ಸಾಮಾನ್ಯ ಜೆರಾಕ್ಸ್ ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ಆರರಿಂದ ಗುಣಿಸಿದರೆ 0.6. ಅಷ್ಟು ದಪ್ಪದ ಎಸಳು ಯಾವ ಗುಲಾಬಿಗೂ ಇಲ್ಲ. ಜೆರಾಕ್ಸ್ ಹಾಳೆಯೇ ದಪ್ಪ ಅನ್ನುವಾಗ ಮಣ್ಣಿನ ಕಥೆ ಕೇಳಬೇಡಿ. ಟಿಶ್ಯೂ ಪೇಪರ್, ಕ್ರೇಪ್ ಪೇಪರ್ ಇವೇ ಸರಿ.

ಗುಲಾಬಿಗೆ ಟಿಶ್ಯೂ ಪೇಪರನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಒಮ್ಮೆ ಸವರಿ ಒಣಗಿಸಿ. ಆಗ ಕತ್ತರಿಗೆ ನಿಲ್ಲುತ್ತದೆ. ಎರಡು ಕಡೆಯೂ ಬಣ್ಣ ಹಚ್ಚಿ, ಯಾಕೆಂದರೆ ಒಂದೇ ಕಡೆ ಹಚ್ಚಿದರೆ ಕತ್ತರಿಸಿದ ಅಂಚು ಬೆಳ್ಳಗೆ ಕಾಣುತ್ತದೆ, ಕ್ಯಾಮೆರಾ ಅದನ್ನೇ ಮೊದಲು ಹಿಡಿಯುವುದು. ಹೃದಯದ ಆಕಾರದ ಪುಟ್ಟ ಎಸಳು ಏಳೆಂಟು ಸಾಕು. ನಿಜ ಗುಲಾಬಿಗೆ ಇನ್ನೂ ಎಷ್ಟೋ ಇರುತ್ತವೆ, ಆದರೆ 1 ಸೆಂಟಿಮೀಟರ್ ಹೂವಿನಲ್ಲಿ ಅಷ್ಟೂ ತುರುಕಿದರೆ ಎಲೆಕೋಸು ಆಗುತ್ತದೆ. ಎಸಳನ್ನು ಹಳೇ ಮೌಸ್ ಪ್ಯಾಡ್ ಮೇಲಿಟ್ಟು ಗುಂಡುಪಿನ್ನಿನ ತಲೆಯಿಂದ ಉಜ್ಜಿದರೆ ಬಟ್ಟಲಾಗಿ ಬಗ್ಗುತ್ತದೆ. ಹೊರಗಿನ ಮೂರು ಎಸಳಿನ ಅಂಚು ಹಿಂದಕ್ಕೆ ಸುರುಳಿ ಮಾಡಿ, ಒಳಗಿನವು ನೇರ ಇರಲಿ.

ಕನಕಾಂಬರ ಕ್ರೇಪ್‌ಗೆ ಹೇಳಿ ಮಾಡಿಸಿದ ಹೂವು. ಬೀಸಣಿಗೆ ಆಕಾರ, ಎಸಳೆಲ್ಲ ಒಂದೇ ಕಡೆಗೆ, ಕೆಳಗೆ ಉದ್ದನೆ ಕೊಳವೆ. 5 ಮಿಲಿಮೀಟರ್ ಅಗಲದ ಚೂರಿಗೆ ಮೇಲೆ ನಾಲ್ಕು ಕಚ್ಚು ಹಾಕಿ, ಬುಡವನ್ನು ಬೆರಳಲ್ಲಿ ಹೊಸೆದರೆ ಆಯಿತು. ಬಣ್ಣ ನಿಂಬೆಹಣ್ಣಿನ ಹಳದಿ ಬೇಡ, ಕಡು ಕಿತ್ತಳೆಯೂ ಬೇಡ. ಎರಡರ ನಡುವೆ ಚೂರು ಗುಲಾಬಿ ಬೆರೆತ ಕಿತ್ತಳೆ. ಅದು ಸಿಗುವವರೆಗೆ ನಾನು ಬಿಡುವುದಿಲ್ಲ.

ಕಾರಂಜಿ_ಕ್ಯಾಮೆರಾ

ಸರ್, ಹೂವು ನೀವು ಹೇಳಿದಂತೆ ಕಾಗದವೇ ಇರಲಿ. ಎಲೆ ಮಾತ್ರ ನಿಜವಾದ್ದೇ ಇರಲಿ ಅನ್ನುತ್ತೇನೆ. ಹೂವಿನ ಅಂಗಡಿಯಲ್ಲಿ ಒಂದು ಕಟ್ಟು ಮರುಗ ತೆಗೆದುಕೊಳ್ಳಿ. ಅದರ ಎಲೆ ಅರ್ಧ ಸೆಂಟಿಮೀಟರ್, ಗೊಂಬೆಗೆ 3 ಸೆಂಟಿಮೀಟರ್ ಎಲೆಯ ಪೊದೆ ಆಯಿತು. ಗಂಟೆಗಟ್ಟಲೆ ಬಾಡುವುದಿಲ್ಲ. ದವನ ಇಟ್ಟರೆ ಅಲಂಕಾರದ ಗಿಡ. ಸಬ್ಬಸಿಗೆ ಸೊಪ್ಪು ನೋಡಲು ಬಹಳ ಚೆನ್ನ, ಆದರೆ ಬಿಸಿಲಿಗೆ ಬೇಗ ತಲೆ ಬಾಗುತ್ತದೆ, ಕೊನೆಯಲ್ಲಿ ಇಡಿ. ಬೇಲಿಯ ಲಂಟಾನ ಹೂಗೊಂಚಲು 3 ಸೆಂಟಿಮೀಟರ್ ಇರುತ್ತದಲ್ಲ, ಗೊಂಬೆ ಪಕ್ಕದಲ್ಲಿ ಅದೇ ದೊಡ್ಡ ಹೈಡ್ರಾಂಜಿಯ. ನೆಲಕ್ಕೆ ಗುಲ್‌ಮೊಹರ್ ಮರದ ಕೆಳಗೆ ಉದುರಿದ ಪುಟ್ಟ ಎಲೆ ಗುಡಿಸಿ ತನ್ನಿ, ಒಂದೊಂದೂ 1 ಸೆಂಟಿಮೀಟರ್ ಆಸುಪಾಸು. ತೋಟದಲ್ಲಿ ಬಿದ್ದ ತರಗೆಲೆ ಅಂದರೆ ಇದೇ. ಹುಣಸೆ ಎಲೆಯೂ ಆಗುತ್ತದೆ. ಪಾರ್ಕಿನಲ್ಲಿ ಗಿಡದಿಂದ ಮಾತ್ರ ಏನೂ ಕೀಳಬೇಡಿ, ಉದುರಿದ್ದೇ ಬೇಕಾದಷ್ಟಿದೆ.

ಕತ್ತರಿಕಾಗದ (ಶ್ರೀರಂಗಪಟ್ಟಣ)

ಒಪ್ಪುವುದಿಲ್ಲ ಸರ್. ನಿಜ ಎಲೆ ಇಟ್ಟರೆ ಅದರ ಪಕ್ಕದ ಕಾಗದದ ಹೂವು ಕಾಗದ ಅಂತ ಕೂಗಿ ಹೇಳುತ್ತದೆ. ಇಡೀ ತೋಟ ಒಂದೇ ಕೈಯಿಂದ ಬಂದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಮತ್ತೆ ನನಗೆ ಮಾಡುವುದೇ ಖುಷಿ. ಕೊಂಡು ತಂದು ಜೋಡಿಸುವುದಾದರೆ ನಾನ್ಯಾಕೆ ರಾತ್ರಿ ದೀಪ ಹಾಕಿಕೊಂಡು ಕೂರಲಿ?

ಕಾರಂಜಿ_ಕ್ಯಾಮೆರಾ

ನಿಮಗೆ ಮಾಡುವುದು ಖುಷಿ, ನನಗೆ ತೆಗೆಯುವುದು. ಎರಡೂ ಸರಿ. ಆದರೆ ಒಂದು ಮಾತು ಗಮನಿಸಿ: ಹಸಿ ಎಲೆಯ ಹಿಂದಿನಿಂದ ಬಿಸಿಲು ಬಿದ್ದರೆ ಅದು ಒಳಗಿನಿಂದ ಬೆಳಗುತ್ತದೆ. ಬಣ್ಣ ಬಳಿದ ದಪ್ಪ ಕಾಗದ ಕಪ್ಪಾಗುತ್ತದೆ. ಎಲೆ ಕೈಯಲ್ಲೇ ಮಾಡುತ್ತೀರಾದರೆ ತಿಳಿ ಟಿಶ್ಯೂಗೆ ನೀರು ಬಣ್ಣ ಹಾಕಿ, ಅಕ್ರಿಲಿಕ್ ಬಳಿಯಬೇಡಿ.

ಕತ್ತರಿಕಾಗದ (ಶ್ರೀರಂಗಪಟ್ಟಣ)

ಇದು ಮಾತು. ಈ ವಾರವೇ ಮಾಡಿ ನೋಡುತ್ತೇನೆ.

ಅಗ್ರಹಾರದ_ಅಜ್ಜಿ

ಮಕ್ಕಳೇ, ಎಲ್ಲ ಓದಿದೆ. ನೀವು ಪುಟ್ಟ ತೋಟ ಅಂತ ಹೊಸದಾಗಿ ಹುಡುಕುತ್ತಿದ್ದೀರಿ, ನಮ್ಮ ಮನೆಗಳಲ್ಲಿ ನವರಾತ್ರಿ ಗೊಂಬೆ ಕೂರಿಸುವಾಗ ಪಾರ್ಕ್ ಮಾಡುವುದು ಮೊದಲಿಂದಲೂ ಇದೆ. ಪಟ್ಟದ ಗೊಂಬೆ ಮೇಲೆ, ಮೆಟ್ಟಿಲಿನಲ್ಲಿ ಉಳಿದವು, ಕೆಳಗೆ ನೆಲದ ಮೇಲೆ ಮಕ್ಕಳು ಮಾಡಿದ ಪಾರ್ಕು. ಹುಲ್ಲಿಗೆ ರಾಗಿ ಪೈರು. ಪಾಡ್ಯಕ್ಕೆ ಐದಾರು ದಿನ ಮೊದಲು ರಾತ್ರಿ ರಾಗಿ ನೆನೆಹಾಕಿ, ಬೆಳಿಗ್ಗೆ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ, ರಾಗಿಯನ್ನು ಒತ್ತೊತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ ಒದ್ದೆ ಬಟ್ಟೆ ಮುಚ್ಚಬೇಕು. ಮೊಳಕೆ ಕಂಡ ಮೇಲೆ ಬಟ್ಟೆ ತೆಗೆದು ಬೆಳಕಿಗೆ ಇಡಿ. ನೀರನ್ನು ಕೈಯಲ್ಲಿ ಚಿಮುಕಿಸಿ, ಚೊಂಬಿನಿಂದ ಹುಯ್ದರೆ ಕಾಳೆಲ್ಲ ಒಂದು ಮೂಲೆಗೆ ಸೇರುತ್ತದೆ. ದಿನಾ ತಟ್ಟೆ ತಿರುಗಿಸದಿದ್ದರೆ ಪೈರು ಕಿಟಕಿ ಕಡೆ ವಾಲುತ್ತದೆ.

ಕೊಳಕ್ಕೆ ನಾವು ಕನ್ನಡಿ ಇಡುತ್ತಿದ್ದೆವು, ದಾರಿಗೆ ಜರಡಿ ಹಿಡಿದ ಮರಳು. ನಿಮ್ಮ ಉದ್ದ ಕಾಲಿನ ಗೊಂಬೆಗಳಿಗೂ ಇದು ಆಗುತ್ತದೋ ಇಲ್ಲವೋ ನೋಡಿ. ನನ್ನ ಮೊಮ್ಮಗಳು ಅವಳ ಬಾರ್ಬಿಗೂ ಪಾರ್ಕಿನಲ್ಲಿ ಜಾಗ ಕೊಡು ಅಂತಾಳೆ, ಕೊಡುತ್ತೇನೆ. ಗೊಂಬೆ ಅಂದಮೇಲೆ ಎಲ್ಲವೂ ಗೊಂಬೆಯೇ.

ಕಬ್ಬಿನಗದ್ದೆ_ಮಂಡ್ಯ

ಅಜ್ಜಿ, ನಿಮ್ಮ ರಾಗಿ ಪೈರು ಓದಿ ಕುಣಿಯುವಂತಾಯಿತು. ಪೈರು 5 ಸೆಂಟಿಮೀಟರ್ ಬಂದಾಗ ಗೊಂಬೆ ಲೆಕ್ಕಕ್ಕೆ 30 ಸೆಂಟಿಮೀಟರ್. ಅದು ಹುಲ್ಲಲ್ಲ, ನಮ್ಮ ಕಡೆಯ ಭತ್ತದ ಗದ್ದೆ! ನಾನು ಅಗಲದ ಟ್ರೇನಲ್ಲಿ ಕೆಸರು ಮಾಡಿ, ಪೈರನ್ನು ಸಣ್ಣ ಸಣ್ಣ ಕಂತೆ ಮಾಡಿ ಇಕ್ಕಳದಲ್ಲಿ ಸಾಲಾಗಿ ನಾಟಿ ಹಾಕುತ್ತೇನೆ. ಒಂದು ಕಂತೆಗೂ ಇನ್ನೊಂದಕ್ಕೂ ನಡುವಿನ ಜಾಗಕ್ಕೂ ಅದೇ ಲೆಕ್ಕ. ಗದ್ದೆಯಲ್ಲಿ 20 ಸೆಂಟಿಮೀಟರ್ ಬಿಟ್ಟು ನೆಡುತ್ತಾರೆ ಅಂದರೆ ಇಲ್ಲಿ 3 ಸೆಂಟಿಮೀಟರ್. ಬದುವಿಗೆ ಕೆಮ್ಮಣ್ಣು. ನೀರು ಅರ್ಧ ಸೆಂಟಿಮೀಟರ್ ನಿಲ್ಲಿಸಿದರೆ ಆಕಾಶ ಅದರಲ್ಲಿ ಕಾಣುತ್ತದೆ. ಸೀರೆ ಮೇಲೆತ್ತಿ ಸಿಕ್ಕಿಸಿದ ಗೊಂಬೆಯನ್ನು ಬಗ್ಗಿಸಿ ನಿಲ್ಲಿಸಿದರೆ ನಾಟಿ ದೃಶ್ಯ ಪೂರ್ತಿ. ಮೊಣಕಾಲು ಸೊಂಟ ಬಗ್ಗುವ ಮೇಡ್ ಟು ಮೂವ್ ಗೊಂಬೆ ಇದ್ದರೇ ಇದು ಸಾಧ್ಯ, ಸಾದಾ ಗೊಂಬೆ ಬಗ್ಗುವುದಿಲ್ಲ.

ಕಬ್ಬಿನ ಗದ್ದೆಗೆ ಮಜ್ಜಿಗೆ ಹುಲ್ಲು. ತೆಳು ಎಲೆಯ ತೆಂಡೆ ಆರಿಸಿ ಒಂದೂವರೆ ಅಡಿಗೆ ಕತ್ತರಿಸಿದರೆ ಗೊಂಬೆಗೆ 9 ಅಡಿ ಕಬ್ಬು. ಚಳಿಗಾಲದಲ್ಲಿ ಕಬ್ಬಿಗೆ ಸೂಲಂಗಿ, ಅಂದರೆ ತುದಿಯ ಹೂವು, ಬರುತ್ತದಲ್ಲ, ನಿಜವಾದ ಒಂದು ಸೂಲಂಗಿಯಿಂದ ಎಳೆ ಎಳೆಯಾಗಿ ಬಿಡಿಸಿ 10 ಸೆಂಟಿಮೀಟರ್ ಉದ್ದದ ಪುಟ್ಟ ಕುಚ್ಚು ಕಟ್ಟಿ ತುದಿಗೆ ಸಿಕ್ಕಿಸಿ. ಉದುರದಿರಲು ಹೇರ್ ಸ್ಪ್ರೇ ಹೊಡೆಯಿರಿ. ಸಂಜೆ ಬಿಸಿಲಿಗೆ ಅದು ಬೆಳ್ಳಿಯ ಹಾಗೆ ಹೊಳೆಯುತ್ತದೆ, ಮಂಡ್ಯದವರಿಗೆ ಬೇರೆ ಹೇಳಬೇಕಿಲ್ಲ.

ಹೊಸಬಳು_ಸರಸ್ವತಿಪುರಂ

ಮಂಡ್ಯದ ಅಣ್ಣ, ಫೋಟೋ ಹಾಕಿ ಪ್ಲೀಸ್! ಅಜ್ಜಿ ಹೇಳಿದ ಕನ್ನಡಿ ಕೊಳ ಇಟ್ಟು ತೆಗೆದರೆ ಫ್ಯಾನು, ಟ್ಯೂಬ್‌ಲೈಟ್ ಎಲ್ಲ ಕಾಣುತ್ತದೆ. ಏನು ಮಾಡಲಿ?

ಕಾರಂಜಿ_ಕ್ಯಾಮೆರಾ

ಕನ್ನಡಿ ಬದಲು ಫೋಟೋ ಫ್ರೇಮಿನ ಗಾಜು ತೆಗೆದುಕೊಂಡು ಕೆಳಗೆ ಕಡು ಹಸಿರು ಅಥವಾ ಕಪ್ಪು ಕಾಗದ ಇಡಿ. ಹೊರಗೆ ಮರದ ಕೆಳಗೆ ಇಟ್ಟರೆ ಎಲೆ, ಆಕಾಶ ಮಾತ್ರ ಕಾಣುತ್ತದೆ. ಅಂಚನ್ನು ಮಣ್ಣಿನಿಂದ ಮುಚ್ಚಿ.

ಈಗ ಕ್ಯಾಮೆರಾ ವಿಷಯ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಎಲ್ಲರೂ ಫೋನನ್ನು ಗೊಂಬೆಯ ಮುಖಕ್ಕೆ ತೀರ ಹತ್ತಿರ ಒಯ್ಯುತ್ತಾರೆ. ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಬರುವ ಜಾಗ ಕಿರಿದಾಗುತ್ತದೆ, ಮೂಗು ಸರಿಯಿದ್ದರೆ ಕಿವಿ ಮಸುಕು. ನೋಡಿದವರಿಗೆ ಇದು ಪುಟ್ಟ ವಸ್ತು ಅಂತ ಗೊತ್ತಾಗುವುದೇ ಅದರಿಂದ. ಎರಡು ಹೆಜ್ಜೆ ಹಿಂದೆ ಬಂದು ಫೋನಿನ 2 ಅಥವಾ 3 ಪಟ್ಟಿನ ಟೆಲಿ ಲೆನ್ಸ್‌ನಲ್ಲಿ ತೆಗೆಯಿರಿ. ಕ್ಯಾಮೆರಾ ಇದ್ದರೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಎಫ್ 8ರಿಂದ 11 ಇಡಿ. ಪೋರ್ಟ್ರೇಟ್ ಮೋಡ್ ಬೇಡ, ತಂತಿಯ ತೊಟ್ಟು, ಬಿಡಿ ಕೂದಲು ಎಲ್ಲ ಅಳಿಸಿಹಾಕುತ್ತದೆ. ಲೆನ್ಸ್ ಗೊಂಬೆಯ ಕಣ್ಣಿನ ಎತ್ತರಕ್ಕೆ ಬರಬೇಕು. ಅದಕ್ಕೆ ನೆಲದ ಮೇಲೆ ಮಲಗಲೇಬೇಕು, ಇಲ್ಲದಿದ್ದರೆ ತೋಟವನ್ನೇ ಮೇಜಿನ ಮೇಲೆ ಎತ್ತಿಡಿ.

ಬೆಳಕಿಗೆ ಬಿಸಿಲೇ ಶ್ರೇಷ್ಠ. ಟೇಬಲ್ ಲ್ಯಾಂಪ್ ಹತ್ತಿರ ಇರುವುದರಿಂದ ನೆರಳುಗಳು ಬೀಸಣಿಗೆಯಂತೆ ಹರಡುತ್ತವೆ, ನಮ್ಮ ತೋಟದಲ್ಲಿ ಹಾಗೆ ಆಗುವುದಿಲ್ಲ. ಸೂರ್ಯ ಗೊಂಬೆಗೂ ನಮಗೂ ಅಷ್ಟೇ ದೂರ. ಬೆಳಿಗ್ಗೆ ಎಂಟೂವರೆ ಒಳಗೆ, ಸಂಜೆ ನಾಲ್ಕೂವರೆ ಮೇಲೆ. ಖಾರ ಬಿಸಿಲಾದರೆ ಮೇಲೆ ಬಿಳಿ ಪಂಚೆ ಹಿಡಿಸಿ, ನೆರಳಿನ ಕಡೆ ಥರ್ಮೋಕೋಲ್ ಹಾಳೆ ಇಟ್ಟು ಬೆಳಕು ತಿರುಗಿಸಿ.

ಬೃಂದಾವನದ ಥರ ಕಾರಂಜಿ ಬೇಕು ಅನ್ನುವವರಿಗೆ: ನೀರನ್ನು ಚಿಕ್ಕದು ಮಾಡಲು ಆಗುವುದಿಲ್ಲ. ಹನಿ ಹನಿಯ ಗಾತ್ರದಲ್ಲೇ ಇರುತ್ತದೆ, ಗೊಂಬೆ ಪಕ್ಕದಲ್ಲಿ ಅದು ನಿಂಬೆಹಣ್ಣು. ಫೋಟೋಗಾದರೆ ಗ್ಲೂ ಗನ್ನಿನ ಅಂಟನ್ನು ಬಿಸಿ ಇರುವಾಗ ಎಳೆದು ತೆಳು ಎಳೆ ಮಾಡಿ ನಿಲ್ಲಿಸಿ, ಅದೇ ನೀರಿನ ಧಾರೆ. ವಿಡಿಯೋಗಾದರೆ ಸಿನಿಮಾದವರ ಪುಟ್ಟ ಸೆಟ್ ಲೆಕ್ಕ ಒಂದಿದೆ. ಅಳತೆಯ ವರ್ಗಮೂಲದಷ್ಟು ಪಟ್ಟು ವೇಗವಾಗಿ ಚಿತ್ರೀಕರಿಸಿ, ಮಾಮೂಲಿ ವೇಗದಲ್ಲಿ ತೋರಿಸಬೇಕು. 6ರ ವರ್ಗಮೂಲ ಸುಮಾರು 2.45. ಸೆಕೆಂಡಿಗೆ 24 ಫ್ರೇಮ್‌ಗೆ ಗುಣಿಸಿದರೆ ಹತ್ತಿರ ಹತ್ತಿರ 60. ನಿಮ್ಮ ಫೋನಿನಲ್ಲೇ 60 ಇದೆ. ಅದರಲ್ಲಿ ತೆಗೆದು 24ರಲ್ಲಿ ಓಡಿಸಿ, ನೀರು ಬೀಳುವುದಕ್ಕೆ ತೂಕ ಬರುತ್ತದೆ.

ಪುಟ್ಟತೋಟ (ಕುವೆಂಪುನಗರ, ಮೈಸೂರು)

ಬೃಂದಾವನ ಅಂದಿರಲ್ಲ, ನನಗೆ ಹೊಳೆದದ್ದು ಹೇಳುತ್ತೇನೆ. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ ಆದ ತೋಟ ಅದು, ಅಣೆಕಟ್ಟೆಯ ಕೆಳಗೆ ಹಂತ ಹಂತವಾಗಿ ಇಳಿಯುತ್ತದೆ, ನಡುವೆ ನೀರಿನ ಕಾಲುವೆ, ಎರಡು ಪಕ್ಕವೂ ಒಂದೇ ರೀತಿಯ ಪಾತಿ. ಮನೆಯಲ್ಲಿ ಗೊಂಬೆ ಮೆಟ್ಟಿಲು ಇದ್ದರೆ ತಳಪಾಯ ಸಿದ್ಧ ಅಲ್ವಾ! ಮೆಟ್ಟಿಲಿಗೆ ಹಸಿರು ಬಣ್ಣ ಕೊಟ್ಟ ಮರದ ಹೊಟ್ಟು ಅಂಟಿಸಿ. ಸಾ ಮಿಲ್‌ನಲ್ಲಿ ಹೊಟ್ಟು ಸಿಗುತ್ತದೆ, ಹಿಟ್ಟಿನ ಜರಡಿಯಲ್ಲಿ ಹಿಡಿದು ನಯವಾದದ್ದನ್ನೇ ಬಳಸಿ. ಎರಡು ಮೂರು ಹಸಿರು ಬೆರೆಸಿ, ಒಂದೇ ಹಸಿರು ಪ್ಲಾಸ್ಟಿಕ್ ಚಾಪೆಯಂತೆ ಕಾಣುತ್ತದೆ.

ಮುಖ್ಯ ವಿಷಯ: ಗೊಂಬೆ ನಿಲ್ಲುವ ಕೆಳಗಿನ ಮೆಟ್ಟಿಲಿನಲ್ಲಿ ಆರರಲ್ಲಿ ಒಂದು ಅಳತೆಯ ಹೂವು, ಹಿಂದಿನ ಮೇಲಿನ ಮೆಟ್ಟಿಲಿನಲ್ಲಿ ಹನ್ನೆರಡರಲ್ಲಿ ಒಂದರ ಹೂವು. ಡಾಲ್‌ಹೌಸ್‌ನವರು ಬಳಸುವ ಅಳತೆ ಅದೇ. ನಾಲ್ಕು ಅಡಿ ಜಾಗ ಕಣ್ಣಿಗೆ ಎಷ್ಟೋ ದೂರ ಹೋದಂತೆ ಕಾಣುತ್ತದೆ. ಹಿಂದಿನ ಹೂವಿನ ಬಣ್ಣ ಚೂರು ಬಿಳಿ ಬೆರೆಸಿ ಮಂಕು ಮಾಡಿ. ದಸರಾದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವನ್ನು ಮಾತ್ರ ನೋಡಬೇಡಿ, ಪಾತಿಯ ಅಂಚು, ಕುಂಡದ ಸಾಲು, ದಾರಿಯ ಅಗಲ ನೋಡಿ. 6 ಅಡಿ ದಾರಿ ಅಂದರೆ ನಮಗೆ 1 ಅಡಿ. ಎಲ್ಲರೂ ದಾರಿಯನ್ನು ತೀರ ಇಕ್ಕಟ್ಟು ಮಾಡುತ್ತಾರೆ, ಗೊಂಬೆ ಸೀರೆ ಹರಡಿ ನಡೆಯುವುದೆಲ್ಲಿ?

ಒಂದು ಎಚ್ಚರಿಕೆ. ಬಣ್ಣದ ರಂಗೋಲಿ ಪುಡಿ, ಕುಂಕುಮ, ಬಣ್ಣ ಬಿಡುವ ಕೆಂಪು ಬಟ್ಟೆ ಇವನ್ನು ಗೊಂಬೆಯ ಮೈಗೆ ತಾಗಿಸಿ ಇಡಲೇಬೇಡಿ. ಮೃದು ವಿನೈಲ್ ಬಣ್ಣ ಹೀರಿಕೊಳ್ಳುತ್ತದೆ, ಒರೆಸಿದರೆ ಹೋಗುವುದಿಲ್ಲ. ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಕ್ರೀಮನ್ನು ಕಲೆಯ ಮೇಲಷ್ಟೇ ಹಚ್ಚಿ ಪ್ಲಾಸ್ಟಿಕ್ ಸುತ್ತಿ ಬಿಸಿಲಿಗೆ ಇಟ್ಟರೆ ನಿಧಾನಕ್ಕೆ ತಿಳಿಯಾಗುತ್ತದೆ, ಮುಖದ ಬಣ್ಣಕ್ಕೆ ಮಾತ್ರ ತಾಗಬಾರದು. ಥರ್ಮೋಕೋಲ್ ಬೆಟ್ಟಕ್ಕೆ ಸ್ಪ್ರೇ ಪೇಂಟ್ ಹೊಡೆಯಬೇಡಿ, ಕರಗಿ ಕುಳಿ ಬೀಳುತ್ತದೆ. ಅದಕ್ಕೆ ಫೆವಿಕಾಲ್, ಅಕ್ರಿಲಿಕ್ ಇಷ್ಟೇ.

ಅಗ್ರಹಾರದ_ಅಜ್ಜಿ

ಮಣ್ಣಿಗೆ ಇನ್ನೊಂದು. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಬಿಸಿಲಿನಲ್ಲಿ ಗರಿಗರಿ ಒಣಗಿಸಿ ಇಟ್ಟುಕೊಳ್ಳಿ, ಗೊಬ್ಬರ ಹಾಕಿದ ಕಪ್ಪು ಮಣ್ಣೇ ಅದು. ಹಸಿ ಇದ್ದರೆ ಬೂಸ್ಟು. ಗಸಗಸೆ ಅಂಟಿಸಿದರೆ ಜಲ್ಲಿ ದಾರಿ ಆಗುತ್ತದೆ, ಆದರೆ ಕಾಳು ಕಡ್ಡಿಗೆ ಹುಳ ಬರುತ್ತದೆ. ವಾರ್ನಿಷ್ ಹಚ್ಚದೆ ಬಿಡಬೇಡಿ.

ಹೊಸಬಳು_ಸರಸ್ವತಿಪುರಂ

ನನ್ನ ಗೊಂಬೆ ಜಡೆಗೆ ಮಲ್ಲಿಗೆ ಮುಡಿಸಬೇಕು. ಅಂಗಡಿಯಲ್ಲಿ ಸಿಗುವ ಬಿಳಿ ಮಣಿ ಸರ ಸುತ್ತಿದರೆ ಮುತ್ತಿನ ಸರದಂತೆ ಕಾಣುತ್ತದೆ, ಹೂವು ಅನ್ನಿಸುವುದಿಲ್ಲ. ಕಟ್ಟುವುದು ಹೇಗೆ?

ಪುಟ್ಟತೋಟ (ಕುವೆಂಪುನಗರ, ಮೈಸೂರು)

ಮಣಿ ಗುಂಡಗಿದೆ, ಹೊಳೆಯುತ್ತದೆ, ಅದಕ್ಕೇ. ಮಲ್ಲಿಗೆ ಮೊಗ್ಗು ಉದ್ದ, ತುದಿ ಚೂಪು, ಹೊಳಪಿಲ್ಲ. ಕೋಲ್ಡ್ ಪೋರ್ಸಲೀನ್ ಬಿಳಿಗೆ ಕಣದಷ್ಟು ಹಸಿರು ಬೆರೆಸಿ, ಗಸಗಸೆಗಿಂತ ಸ್ವಲ್ಪ ದೊಡ್ಡ ಉಂಡೆ ತೆಗೆದು ಅಂಗೈಯಲ್ಲಿ ಒಂದೇ ಬೆರಳಿಂದ ಹೊಸೆಯಿರಿ, ಒಂದು ತುದಿ ಸಣ್ಣಗಾಗಲಿ. ಇನ್ನೊಂದು ತುದಿಗೆ ಅಂಟು ಹಚ್ಚಿದ ಹಸಿರು ದಾರದ ಚೂರು ಕೊಳವೆಯಾಗಿ ಅಂಟಿಸಿ, 2 ಮಿಲಿಮೀಟರ್ ಸಾಕು. ಹೊಲಿಗೆಯ ದಾರವನ್ನು ಎರಡು ಗುಂಡುಪಿನ್ನಿನ ನಡುವೆ ಬಿಗಿಯಾಗಿ ಕಟ್ಟಿ, ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ ಇಟ್ಟು ಇನ್ನೊಂದು ದಾರದಿಂದ ಗಂಟು. ಮನೆಯಲ್ಲಿ ಹೂವು ಕಟ್ಟುವಂತೆಯೇ. ನಮ್ಮ ಒಂದು ಮೊಳಕ್ಕೆ ಗೊಂಬೆಯ ಮೊಳ ಏಳೂವರೆ ಸೆಂಟಿಮೀಟರ್. ಜಡೆಗೆ ಎರಡು ಮೊಳ ಕಟ್ಟಿಕೊಳ್ಳಿ. ನಡುನಡುವೆ ಕತ್ತರಿಕಾಗದ ಅವರ ಕನಕಾಂಬರ ಎರಡೆರಡು, ಒಂದು ಚಿವುಟು ಮರುಗ ಸೇರಿಸಿ. ಮರುಗ ಮಾತ್ರ ಫೋಟೋ ತೆಗೆಯುವ ದಿನ ಸಿಕ್ಕಿಸಿ.

ಮಳೆಗಾಲದಲ್ಲಿ ಈ ಹೂಗಳು ಮೆತ್ತಗಾಗುತ್ತವೆ. ಅಕ್ರಿಲಿಕ್ ವಾರ್ನಿಷ್ ಹಚ್ಚಿ, ಹೊಳಪಿಲ್ಲದ ಮ್ಯಾಟ್ ಇರಲಿ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಸ್ಟೀಲ್ ಡಬ್ಬಿಯಲ್ಲಿ ಇಡಿ.

ಕಬ್ಬಿನಗದ್ದೆ_ಮಂಡ್ಯ

ಮೇಡಂ, ತುಳಸಿ ಕಟ್ಟೆ ಅಳತೆ ಹೇಳಲೇ ಇಲ್ಲ. ಗದ್ದೆ ಪಕ್ಕ ಮನೆ, ಮನೆ ಮುಂದೆ ಕಟ್ಟೆ ಮಾಡಬೇಕು ಅಂತಿದ್ದೇನೆ.

ಪುಟ್ಟತೋಟ (ಕುವೆಂಪುನಗರ, ಮೈಸೂರು)

ನಮ್ಮ ಮನೆ ಕಟ್ಟೆ 3 ಅಡಿ ಎತ್ತರ, ಆದ್ದರಿಂದ 6 ಇಂಚು. ಅಗಲ ಒಂದೂವರೆ ಅಡಿ, ಇಲ್ಲಿ 3 ಇಂಚು. ರಟ್ಟಿನಲ್ಲಿ ಕಟ್ಟಿ ಮೇಲೆ ಸುಣ್ಣದಂತೆ ಕಾಣಲು ಫೆವಿಕಾಲ್‌ಗೆ ಚಾಕ್ ಪುಡಿ ಕಲಸಿ ಬಳಿಯಿರಿ. ದೀಪದ ಗೂಡಿಗೆ ಅರ್ಧ ಇಂಚು ಕಿಂಡಿ ಬಿಡಿ, ಒಳಗೆ ಮಸಿ ಹಿಡಿದ ಹಾಗೆ ಕಪ್ಪು ಪ್ಯಾಸ್ಟೆಲ್ ಉಜ್ಜಿ. ಕೆಮ್ಮಣ್ಣಿನ ಪಟ್ಟೆ ಎರಡು. ತುಳಸಿ ಗಿಡಕ್ಕೆ ನಿಜ ತುಳಸಿಯ ಕದಿರೇ ಸರಿಯಾಗುತ್ತದೆ, ಒಣಗಿದ ಕದಿರನ್ನು ಹಸಿರು ಟೇಪ್ ಸುತ್ತಿದ ತಂತಿಗೆ ನಾಲ್ಕೈದು ಕಟ್ಟಿ, ಕೆಳಗೆ ಮರುಗದ ಎಲೆ. ಮನೆ ಯಾವ ಕಡೆ ಮುಖ ಮಾಡಿದೆ ಅಂತ ನೋಡಿಕೊಂಡು ಕಟ್ಟೆ ಇಡಿ, ಬೆಳಗಿನ ಬಿಸಿಲು ಗೂಡಿನ ಕಡೆ ಬೀಳಲಿ. ನಾಟಿಯ ಫೋಟೋ ಜೊತೆಗೆ ಇದನ್ನೂ ಹಾಕಿ.